ಇಪ್ಪತ್ತೆರಡರ ಅವಸರ

ಇಪ್ಪತ್ತೆರಡನೇ ವಯಸ್ಸಿನವರಿಗೆ ಒಂದು ಅವಸರವಿರುತ್ತದೆ. ಗೊತ್ತಿರುವುದನ್ನೆಲ್ಲ ಇವತ್ತೇ, ಒಂದೇ ಉಸಿರಿಗೆ ಹೇಳಿಬಿಡಬೇಕು. ಯಾವುದಾದರೂ ಕವಿಯ ಮೊದಲ ಸಂಕಲನ ತೆರೆದು ನೋಡಿ: ಉಪನಿಷತ್ತೂ ಇರುತ್ತದೆ, ಕ್ರಾಂತಿಯೂ ಇರುತ್ತದೆ, ಪಕ್ಕದ ಬೆಂಚಿನ ಹುಡುಗಿಯೂ ಇರುತ್ತಾಳೆ. ಎರಡನೆಯದರ ಹೊತ್ತಿಗೆ ಸಂಯಮ ಬಂದಿರುತ್ತದೆ, ವಿಮರ್ಶಕರು ತಲೆದೂಗುತ್ತಾರೆ. ನನಗೆ ಮಾತ್ರ ಮೊದಲನೆಯದರ ಮೇಲೇ ಒಲವು.

ಈ ಚಾಳಿ ಹತ್ತಿದ್ದು ಒಂದು ಕ್ಯಾಸೆಟ್ಟಿನಿಂದ. ತೊಂಬತ್ತರ ದಶಕ ಮುಗಿಯುವ ಹೊತ್ತು, ಬೆಂಗಳೂರಿನ ಒಂದು ಎಂಜಿನಿಯರಿಂಗ್ ಹಾಸ್ಟೆಲ್ಲು. ಸೀನಿಯರ್ ಒಬ್ಬರು ಊರಿಗೆ ಹೋಗುವಾಗ ತಮ್ಮ ಕ್ಯಾಸೆಟ್ಟಿನ ಡಬ್ಬ ನಮ್ಮ ಕೋಣೆಯಲ್ಲಿ ಬಿಟ್ಟು ಹೋಗಿದ್ದರು. ಅದರಲ್ಲೊಂದರ ಮೇಲೆ ಬಾಲ್‌ಪೆನ್ನಿನಲ್ಲಿ ‘ಆಂಗ್ರಾ, ಏಂಜಲ್ಸ್ ಕ್ರೈ, ಬ್ರೆಜಿಲ್’ ಎಂದು ಬರೆದಿತ್ತು. ಬ್ರೆಜಿಲ್ ಎಂದರೆ ಕಾಫಿ ಮತ್ತು ಪೆಲೆ ಅಷ್ಟೇ ನಮಗೆ. ಮೆಟಲ್ ಸಂಗೀತ ಕೇಳುತ್ತೇವೆಂದು ಜಂಬಪಡುವವರಿಗೆ ಬೆಲೊ ಒರಿಜೊಂಟೆಯ ಸೆಪಲ್ಟುರಾ ತಂಡದ ಹೆಸರೂ ಗೊತ್ತಿರುತ್ತಿತ್ತು. ಅದು ಬೈದಾಡುವ ಸಂಗೀತ. ಕೇಳಿದರೆ ಮೈಯಲ್ಲಿ ಸಿಟ್ಟು ಏರುತ್ತದೆ. ಇದೂ ಹಾಗೇ ಇರಬಹುದೆಂದು ಹಾಕಿದರೆ ಶುರುವಾದದ್ದು ವಾದ್ಯವೃಂದ. ಷೂಬರ್ಟ್ 1822ರಲ್ಲಿ ಬರೆಯಲು ತೊಡಗಿ ಎರಡೇ ಚಲನೆಗಳಿಗೆ ನಿಲ್ಲಿಸಿದ ‘ಅಪೂರ್ಣ’ ಸಿಂಫನಿಯ ತುಣುಕು. ಒಂದು ನಿಮಿಷ ಚಿಲ್ಲರೆ ಅದು ನಡೆದು ಮುಗಿಯುತ್ತಿದ್ದಂತೆ ಗಿಟಾರುಗಳು ನುಗ್ಗಿದವು. ಎರಡನೇ ಹಾಡು, ‘ಕ್ಯಾರಿ ಆನ್’.

ನನ್ನ ವಿಷಯ ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ವರ್ಣ ಮುಗಿಸಿ ನಾಲ್ಕು ಕೀರ್ತನೆ ಕಲಿಯುವವರೆಗೆ ಪಿಟೀಲು ನುಡಿಸಿದವನು ನಾನು. ಕಾಲೇಜಿನಲ್ಲಿ ರಾಕ್ ಬ್ಯಾಂಡ್ ಕಟ್ಟಿದಾಗ ನನ್ನನ್ನೂ ಸೇರಿಸಿಕೊಂಡರು. ನನ್ನ ಪ್ರತಿಭೆ ನೋಡಿ ಸೇರಿಸಿಕೊಂಡರೆಂದು ಭಾವಿಸಬೇಡಿ. ತಾಲೀಮಿಗೆ ನಮ್ಮ ಚಿಕ್ಕಪ್ಪನ ಮನೆಯ ಗ್ಯಾರೇಜು ಖಾಲಿ ಇತ್ತು. ನಾಲ್ವರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಬಗೆಯ ಸಂಗೀತದ ಹುಚ್ಚು, ಎಲ್ಲವನ್ನೂ ಒಂದೇ ಹಾಡಿಗೆ ತುರುಕಬೇಕೆಂಬ ಹಟ. ಆ ಹಟಕ್ಕೆ ಶಿಕ್ಷಣ, ಹಣ, ಒಳ್ಳೆಯ ಕಂಠ ಮೂರೂ ಒದಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಆ ಕ್ಯಾಸೆಟ್ಟಿನಲ್ಲಿತ್ತು.

ಆಂಗ್ರಾ ಹುಟ್ಟಿದ್ದು 1991ರಲ್ಲಿ, ಸಾವೊ ಪಾಲೊ ನಗರದಲ್ಲಿ. ಅಲ್ಲಿನ ಸಾಂತಾ ಮಾರ್ಸೆಲಿನಾ ಕಾಲೇಜಿನಲ್ಲಿ ಸಂಗೀತ ಓದುತ್ತಿದ್ದ ಗಾಯಕ ಆಂಡ್ರೆ ಮಾಟೊಸ್ ಮತ್ತು ಗಿಟಾರಿಸ್ಟ್ ರಾಫಾಯೆಲ್ ಬಿಟೆನ್‌ಕೋರ್ಟ್ ಕೂಡಿ ಕಟ್ಟಿದ ತಂಡ. ಆಮೇಲೆ ಕಿಕೊ ಲೊರೇರೊ ಎಂಬ ಇನ್ನೊಬ್ಬ ಗಿಟಾರಿಸ್ಟ್, ಲೂಯಿಸ್ ಮರಿಯುಟಿ ಎಂಬ ಬಾಸ್ ವಾದಕ ಸೇರಿಕೊಂಡರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಮಾಟೊಸ್ ಆಗಲೇ ಪಳಗಿದವನು: ವೈಪರ್ ಎಂಬ ತಂಡದ ಮೊದಲ ಆಲ್ಬಮ್‌ನಲ್ಲಿ 1987ರಲ್ಲಿ ಹಾಡಿದಾಗ ಅವನಿಗೆ ಹದಿನೈದು ವರ್ಷ. ಆ ತಂಡದ ಎರಡನೇ ಆಲ್ಬಮ್‌ನಲ್ಲೇ ಬೀಥೋವನ್ನನ ಮೂನ್‌ಲೈಟ್ ಸೊನಾಟಾ ನುಸುಳಿತ್ತು. ಉಳಿದವರಿಗೆ ಇನ್ನಷ್ಟು ಒರಟು ಸಂಗೀತ ಬೇಕಿತ್ತು, ಇವನಿಗೆ ಪಿಯಾನೊ ಬೇಕಿತ್ತು. ಹೊರಗೆ ಬಂದು ಸ್ವರಸಂಯೋಜನೆ ಓದಲು ಕುಳಿತ.

ಬ್ರೆಜಿಲ್‌ನ ಆಗಿನ ಸ್ಥಿತಿ ಹೇಳಿದರೆ ಇವರ ಧೈರ್ಯ ತಿಳಿದೀತು. 1993ರಲ್ಲಿ ಅಲ್ಲಿನ ಹಣದುಬ್ಬರ ಸುಮಾರು 2,500 ಪ್ರತಿಶತ. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರ ನೋಟಿನಿಂದ ಮೂರು ಸೊನ್ನೆ ಕಿತ್ತುಹಾಕಿ, ಹೊಸ ಹೆಸರಿಟ್ಟು ಚಲಾವಣೆಗೆ ಬಿಟ್ಟಿತು. ಬೆಳಗಿನ ಬೆಲೆ ಸಂಜೆಗೆ ನಿಲ್ಲದ ಆ ಕಾಲದಲ್ಲಿ ಈ ಹುಡುಗರು ಮೊದಲ ಆಲ್ಬಮ್ ‘ಏಂಜಲ್ಸ್ ಕ್ರೈ’ ಧ್ವನಿಮುದ್ರಿಸಲು ಹೊರಟದ್ದು ಜರ್ಮನಿಯ ಹ್ಯಾಂಬರ್ಗಿಗೆ. ಹೆಲೋವೀನ್ ತಂಡ ಕಟ್ಟಿ, ಅದನ್ನು ಬಿಟ್ಟು ಗಾಮಾ ರೇ ಕಟ್ಟಿದ ಕೈ ಹ್ಯಾನ್ಸನ್ನನ ಸ್ಟುಡಿಯೊ ಅಲ್ಲಿತ್ತು. ನಿರ್ಮಾಪಕರು ಚಾರ್ಲಿ ಬಾಯರ್‌ಫೈಂಡ್ ಮತ್ತು ಸಾಶಾ ಪೇತ್. (1960ರಲ್ಲಿ ಲಿವರ್‌ಪೂಲಿನ ಇನ್ನೊಂದು ಹುಡುಗರ ಗುಂಪೂ ಇದೇ ಊರಿಗೆ ಹೋಗಿ, ರಾತ್ರಿಯಿಡೀ ನುಡಿಸಿ ನುಡಿಸಿ ಬೀಟಲ್ಸ್ ಆಯಿತು. ಹ್ಯಾಂಬರ್ಗಿನ ನೀರಿನಲ್ಲಿ ಏನೋ ಇದ್ದೀತು.) ಹೊರಡುವಾಗ ಜೊತೆಗಿದ್ದ ಡ್ರಮ್ಮರ್ ಮುದ್ರಣದ ಹೊತ್ತಿಗೆ ತಂಡದಲ್ಲಿರಲಿಲ್ಲ. ಜರ್ಮನಿಯ ಅಲೆಕ್ಸ್ ಹೋಲ್ಟ್ಸ್‌ವಾರ್ಟ್ ಬಂದು ಡ್ರಮ್ಸ್ ನುಡಿಸಿದ. ಒಂದು ಹಾಡಿಗೆ ಮಾತ್ರ ಗಾಮಾ ರೇಯ ಥಾಮಸ್ ನಾಕ್. ಆಲ್ಬಮ್ 1993ರ ನವೆಂಬರಿನಲ್ಲಿ ಮೊದಲು ಬಿಡುಗಡೆಯಾದದ್ದು ಜಪಾನಿನಲ್ಲಿ. ಅಲ್ಲಿ ಗೋಲ್ಡ್ ಡಿಸ್ಕ್ ಕೂಡ ಪಡೆಯಿತು.

ಹತ್ತು ಹಾಡುಗಳು, ಐವತ್ತು ನಿಮಿಷಕ್ಕೂ ಹೆಚ್ಚು. ಎಷ್ಟು ತುರುಕಿದ್ದಾರೆ ನೋಡಿ. ಷೂಬರ್ಟ್ ಬಾಗಿಲಲ್ಲೇ ನಿಂತಿದ್ದಾನೆ. ನಾಲ್ಕನೆಯದಾದ ಶೀರ್ಷಿಕೆ ಗೀತೆಯ ನಡುವೆ ಪಗನೀನಿಯ ಇಪ್ಪತ್ನಾಲ್ಕನೇ ಕಪ್ರೀಚೊ ಎರಡು ಗಿಟಾರುಗಳ ಮೇಲೆ ಹಾರಿ ಹೋಗುತ್ತದೆ. ಒಂಬತ್ತನೆಯದರಲ್ಲಿ ವಿವಾಲ್ಡಿಯ ‘ಚಳಿಗಾಲ’ ಇಣುಕುತ್ತದೆ. ಇದನ್ನು ಅಂಗಡಿಯವರು ಪವರ್ ಮೆಟಲ್ ಎನ್ನುತ್ತಾರೆ, ನಡೆ ಬದಲಾಗುವ ಜಾಗಗಳನ್ನು ಎಣಿಸಿದವರು ಪ್ರೋಗ್ರೆಸಿವ್ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಪಿಟೀಲು ಕಲಿತವನಿಗೆ ಆ ಕಪ್ರೀಚೊ ಕಚಗುಳಿ ಇಡುತ್ತದೆ. ಪಾಶ್ಚಾತ್ಯ ಪಿಟೀಲಿನ ಕಡುಕಷ್ಟದ ಪರೀಕ್ಷೆಗಳಲ್ಲಿ ಅದೂ ಒಂದು. ಅದನ್ನು ಇಲ್ಲಿಟ್ಟದ್ದರಲ್ಲಿ ಭಕ್ತಿಗಿಂತ ಡೌಲೇ ಹೆಚ್ಚು, ಅದೇ ನನಗಿಷ್ಟ. ನಮ್ಮ ಪಿಟೀಲು ಮೇಷ್ಟ್ರು ಶಿಷ್ಯರ ಮೊದಲ ಕಚೇರಿಯ ದಿನ ಒಂದು ಮಾತು ಹೇಳುತ್ತಿದ್ದರು: “ಇವತ್ತು ಗೊತ್ತಿರೋದೆಲ್ಲ ನುಡಿಸಿಬಿಡಪ್ಪ. ಬಿಡೋದು ಹೇಗೆ ಅಂತ ಆಮೇಲೆ ಕಲಿಸ್ತೀನಿ.”

ಏಳನೆಯದು ‘ವದರಿಂಗ್ ಹೈಟ್ಸ್’. ಬ್ರಿಟನ್ನಿನ ಕೇಟ್ ಬುಷ್ 1978ರಲ್ಲಿ ಹಾಡಿ ಹೆಸರಾದದ್ದು. ಎಮಿಲಿ ಬ್ರಾಂಟಿ ಕಾದಂಬರಿಯ ಕ್ಯಾಥರೀನಳ ದೆವ್ವ ಕಿಟಕಿಯಾಚೆ ನಿಂತು ಕರೆಯುವ ಹಾಡು. ಹೆಣ್ಣುದನಿಗೇ ಕಷ್ಟವಾದ ಆ ಎತ್ತರಕ್ಕೆ ಮಾಟೊಸ್ ಏಣಿಯಿಲ್ಲದೆ ಹತ್ತುತ್ತಾನೆ. ರಜೆಗೆ ಊರಿಗೆ ಹೋದಾಗ ಟೇಪ್‌ರೆಕಾರ್ಡರಿನಲ್ಲಿ ಇದು ನಡೆಯುತ್ತಿತ್ತು. ಅಮ್ಮ ಅಡುಗೆಮನೆಯಿಂದ ಕೇಳಿದಳು: “ಯಾರೋ ಈ ಹುಡುಗಿ? ಚೆನ್ನಾಗಿ ಹಾಡ್ತಾಳಲ್ಲೋ. ಹಿಂದುಗಡೆ ಆ ಗಲಾಟೆ ಯಾಕಂತೆ?”

“ಅಮ್ಮ, ಅದು ಹುಡುಗಿಯಲ್ಲ.”

“ಹಾಗಿದ್ರೆ ಇನ್ನೂ ಚೆನ್ನಾಗಿ ಹಾಡ್ತಾನೆ” ಎಂದು ಒಗ್ಗರಣೆಗೆ ತಿರುಗಿದಳು. ಮಾಟೊಸ್ ಬಗ್ಗೆ ಆಮೇಲೆ ಓದಿದ ಯಾವ ವಿಮರ್ಶೆಯೂ ನನಗೆ ಇಷ್ಟು ಸರಿಯೆನಿಸಿಲ್ಲ.

ಆದರೆ ನಾನು ಹೇಳಹೊರಟದ್ದು ಆರನೇ ಹಾಡಿನ ಮಾತು. ‘ನೆವರ್ ಅಂಡರ್‌ಸ್ಟ್ಯಾಂಡ್’. ಅದರ ಆರಂಭದಲ್ಲಿ ಯುರೋಪು ಇಲ್ಲ. ಮರದ ಗಿಟಾರಿನ ಮೇಲೆ ಕುಣಿಯುವ ಒಂದು ನಡೆ. ಬ್ರೆಜಿಲ್‌ನ ಈಶಾನ್ಯ ಭಾಗದ ಬಾಯಾಂವ್. ಅಲ್ಲಿ ಅದನ್ನು ನುಡಿಸುವುದು ಅಕಾರ್ಡಿಯನ್, ಟ್ರಯಾಂಗಲ್ ಮತ್ತು ಝಬುಂಬಾ ಎಂಬ ಹೆಗಲಿಗೆ ನೇತುಹಾಕುವ ಎರಡು ಮುಖದ ಚರ್ಮವಾದ್ಯದಲ್ಲಿ. ಒಂದು ಮುಖಕ್ಕೆ ದಪ್ಪ ಕೋಲಿನ ಗುಂಡು ಪೆಟ್ಟು, ಇನ್ನೊಂದಕ್ಕೆ ತೆಳು ಕಡ್ಡಿಯ ಚುರುಕು ಪೆಟ್ಟು. ಲೆಕ್ಕ ಮೂರು, ಮೂರು, ಎರಡು. ನಮ್ಮ ಬಾಯಲ್ಲಿ ತಕಿಟ ತಕಿಟ ತಕ. ಆದಿತಾಳ ಹಾಕಿಕೊಂಡು ಕೂತರೆ ಕೈತಪ್ಪದೆ ಕೂಡುತ್ತದೆ. ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಹಾಕಿದ್ದೇನೆ.

ಬಾಯಾಂವನ್ನು ಇಡೀ ದೇಶಕ್ಕೆ ಹಂಚಿದವನು ಪೆರ್ನಂಬುಕೊ ರಾಜ್ಯದ ಲೂಯಿಜ್ ಗೊನ್ಜಾಗಾ. 1912ರಲ್ಲಿ ಹುಟ್ಟಿದವನು, ದನಗಾಹಿಗಳ ಚರ್ಮದ ಟೋಪಿ ಹಾಕಿಕೊಂಡೇ ವೇದಿಕೆ ಹತ್ತುತ್ತಿದ್ದ. ವಕೀಲ ಉಂಬೆರ್ತೊ ತೆಯ್ಶೇರಾ ಜೊತೆ ಸೇರಿ 1947ರಲ್ಲಿ ಅವನು ತಂದ ಹಾಡು ‘ಆಜಾ ಬ್ರಾಂಕಾ’. ಅದು ಬರಗಾಲದ ಹಾಡು. ನೆಲ ಉರಿದು, ದನಕರು ಸತ್ತು, ಹಾಡಿನ ಹೆಸರಿನಲ್ಲಿರುವ ಬಿಳಿರೆಕ್ಕೆಯ ಹಕ್ಕಿಯೂ ಊರು ಬಿಟ್ಟ ಮೇಲೆ ರೈತ ಗುಳೆ ಹೊರಡುತ್ತಾನೆ, ಮಳೆ ಬಂದರೆ ಬರುತ್ತೇನೆಂದು ನಲ್ಲೆಗೆ ಮಾತು ಕೊಟ್ಟು. ರಾಯಚೂರು, ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಗುಳೆ ಹೊರಟ ಲಕ್ಷಾಂತರ ಜನ ಲಾರಿ ಹತ್ತಿ ಬಂದಿಳಿದದ್ದು ಸಾವೊ ಪಾಲೊದಲ್ಲೇ. ಅಲ್ಲಿನ ಕಟ್ಟಡಗಳನ್ನು ಎಬ್ಬಿಸಿದ ಕೈಗಳಲ್ಲಿ ಅವರ ಪಾಲು ದೊಡ್ಡದು. ಆ ನಗರದ ಹುಡುಗರ ಗಿಟಾರಿನಲ್ಲಿ ‘ಆಜಾ ಬ್ರಾಂಕಾ’ದ ನೆರಳು ಬಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ. ಅಚ್ಚರಿ ಬೇರೆ ಕಡೆ ಇದೆ: ಆ ಹಾಡಿಗೆ ಹ್ಯಾಂಬರ್ಗಿನಲ್ಲಿ ಡ್ರಮ್ಸ್ ನುಡಿಸಿದವನು ಜರ್ಮನಿಯವನು. ಸಾಲದ್ದಕ್ಕೆ ಕೈ ಹ್ಯಾನ್ಸನ್ನೂ ಬಂದು ಗಿಟಾರ್ ನುಡಿಸಿದ. ಬರದ ಸೀಮೆಯ ಕುಣಿತ ಇಷ್ಟು ದೂರ ಗುಳೆ ಹೋದದ್ದು ನನಗಂತೂ ಬೇರೆ ತಿಳಿಯದು.

ಗೊನ್ಜಾಗಾನನ್ನು ಹುಡುಕಿ ಕೇಳತೊಡಗಿದ್ದು ಎಷ್ಟೋ ವರ್ಷದ ಮೇಲೆ, ಕೆಲಸಕ್ಕೆ ಸೇರಿ, ಇಂಟರ್ನೆಟ್ ಮನೆಗೆ ಬಂದ ಮೇಲೆ. ಅಲ್ಲಿ ಇನ್ನೊಂದು ಸಂತೋಷ ಕಾದಿತ್ತು. ಬ್ರೆಜಿಲ್ ಈಶಾನ್ಯದವರು ತಮ್ಮದೆಂದು ಹೇಳಿಕೊಳ್ಳುವ ಒಂದು ಸ್ವರಶ್ರೇಣಿಯಿದೆ: ಅಂತರ ಗಾಂಧಾರ, ಪ್ರತಿ ಮಧ್ಯಮ, ಕೈಶಿಕಿ ನಿಷಾದ. ಪಿಟೀಲು ಹೊರತೆಗೆದು ಧೂಳು ಒರೆಸಿ ನುಡಿಸಿ ನೋಡಿದೆ. ನಮ್ಮ ಅರವತ್ನಾಲ್ಕನೇ ಮೇಳ, ವಾಚಸ್ಪತಿ. ಗಮಕ ತೆಗೆದು, ಬಿಸಿಲಿಗೆ ಹಾಕಿದ ವಾಚಸ್ಪತಿ. ಇಲ್ಲಿಂದ ಅಲ್ಲಿಗೆ ಹೋಯಿತು, ಅಲ್ಲಿಂದ ಇಲ್ಲಿಗೆ ಬಂತು ಎಂಬ ಕಥೆ ಕಟ್ಟುವವರ ಪೈಕಿ ನಾನಲ್ಲ. ಹನ್ನೆರಡು ಸ್ವರಸ್ಥಾನ ಇಟ್ಟುಕೊಂಡು ಲೋಕವೆಲ್ಲ ಹಾಡುವಾಗ ದಾರಿಯಲ್ಲಿ ಎದುರಾಗುವುದು ಸಹಜ. ಎದುರಾದಾಗ ಖುಷಿಯಾಗುತ್ತದೆ, ಅಷ್ಟೇ.

1996ರಲ್ಲಿ ಬಂದ ಎರಡನೇ ಆಲ್ಬಮ್ ‘ಹೋಲಿ ಲ್ಯಾಂಡ್’ ಪೂರ್ತಿ ಆ ಆರನೇ ಹಾಡಿನ ಬೀಜದಿಂದ ಬೆಳೆದದ್ದು. ಪೋರ್ಚುಗೀಸರ ಹಡಗುಗಳು ಬ್ರೆಜಿಲ್ ದಡ ಮುಟ್ಟಿದ ಕಾಲದ ಸುತ್ತ ಹೆಣೆದ ಹಾಡುಗಳು, ನೆಲದ ತಾಳಗಳು ಧಾರಾಳ. ತಿಳಿದವರು ಅದೇ ಅವರ ಶ್ರೇಷ್ಠ ಕೃತಿ ಎನ್ನುತ್ತಾರೆ. ಒಪ್ಪುತ್ತೇನೆ. ಒಪ್ಪಿ, ಮತ್ತೆ ‘ಏಂಜಲ್ಸ್ ಕ್ರೈ’ ಹಾಕಿಕೊಳ್ಳುತ್ತೇನೆ. 2000ದಲ್ಲಿ ತಂಡ ಒಡೆಯಿತು. ಮಾಟೊಸ್, ಮರಿಯುಟಿ ಹೊರಟುಹೋದರು. ಬಿಟೆನ್‌ಕೋರ್ಟ್ ಹೊಸ ಗಾಯಕರೊಡನೆ ಹೆಸರು ಉಳಿಸಿಕೊಂಡ. ಲೊರೇರೊ 2015ರಲ್ಲಿ ಅಮೆರಿಕದ ಮೆಗಾಡೆತ್ ತಂಡ ಸೇರಿ, ಗ್ರ್ಯಾಮಿ ಗೆದ್ದ ಹಾಡಿನಲ್ಲಿ ನುಡಿಸಿದ.

ನಮ್ಮ ಗ್ಯಾರೇಜು ಬ್ಯಾಂಡ್ ಆಂಗ್ರಾಕ್ಕೂ ಮೊದಲೇ ಒಡೆದಿತ್ತು, ಯಾರೂ ಗಮನಿಸಲಿಲ್ಲ. ಹಳೆಯ ನಾಲ್ವರೂ ಮತ್ತೆ ಸೇರಿದ್ದು 2007ರ ಮಾರ್ಚ್ 17ರಂದು, ಅರಮನೆ ಮೈದಾನದಲ್ಲಿ. ಬ್ರಿಟನ್ನಿನ ಮೆಟಲ್ ತಂಡ ಐರನ್ ಮೇಡನ್ ಮೊದಲ ಬಾರಿಗೆ ಭಾರತಕ್ಕೆ, ಅದೂ ಬೆಂಗಳೂರಿಗೆ ಬಂದಿತ್ತು. ಅದರ ಗಾಯಕ ಬ್ರೂಸ್ ಡಿಕಿನ್ಸನ್ ಹಾಡುತ್ತಿದ್ದಾಗ ನನ್ನ ತಲೆಯಲ್ಲಿ ಒಂದು ತರಲೆ ಲೆಕ್ಕ ನಡೆದಿತ್ತು. 1993ರಲ್ಲಿ ಡಿಕಿನ್ಸನ್ ಕೆಲಕಾಲ ತಂಡ ಬಿಟ್ಟಾಗ ಅವನ ಜಾಗಕ್ಕೆ ಪರಿಶೀಲಿಸಿದ ಗಾಯಕರಲ್ಲಿ ಆಂಡ್ರೆ ಮಾಟೊಸ್ ಕೂಡ ಇದ್ದ. ಆಯ್ಕೆಯಾದವನು ಇಂಗ್ಲೆಂಡಿನ ಬ್ಲೇಜ್ ಬೇಯ್ಲಿ. ಪಕ್ಕದಲ್ಲಿದ್ದ ನಮ್ಮ ಡ್ರಮ್ಮರ್‌ಗೆ ಕಿವಿಯಲ್ಲಿ ಇದನ್ನು ಕೂಗಿ ಹೇಳಿದೆ. “ಒಳ್ಳೇದೇ ಆಯ್ತು ಬಿಡೋ, ಹೋಗಿದ್ರೆ ನಿನ್ನ ಹೋಲಿ ಲ್ಯಾಂಡ್ ಎಲ್ಲಿರ್ತಿತ್ತು?” ಎಂದ. ಅವನು ಈಗ ತೆರಿಗೆ ಸಲಹೆಗಾರ. ಲೆಕ್ಕದಲ್ಲಿ ಯಾವತ್ತೂ ನನಗಿಂತ ಚುರುಕು.

ಮಾಟೊಸ್ 2019ರ ಜೂನ್ 8ರಂದು ಹೃದಯಾಘಾತದಿಂದ ತೀರಿಕೊಂಡ. ನಲವತ್ತೇಳು ವರ್ಷ. ಕೆಲವೇ ದಿನಗಳ ಹಿಂದೆ ಸಾವೊ ಪಾಲೊದ ವೇದಿಕೆಯ ಮೇಲೆ ಅತಿಥಿಯಾಗಿ ಹಾಡಿದ್ದ.

ಈ ಬಗೆಯ ಸಂಗೀತ ಅಭ್ಯಾಸವಿಲ್ಲದವರಲ್ಲಿ ಒಂದು ವಿನಂತಿ. ಆಲ್ಬಮ್ ಈಗ ಫೋನಿನಲ್ಲೇ ಸಿಗುತ್ತದೆ. ಮೊದಲ ಹಾಡಿನಿಂದ ತೊಡಗಬೇಡಿ. ಆರನೆಯದನ್ನು ಹಾಕಿ, ತೊಡೆಯ ಮೇಲೆ ತಕಿಟ ತಕಿಟ ತಕ ತಟ್ಟಿಕೊಳ್ಳಿ. ಆಮೇಲೆ ಏಳನೆಯದು. ಅಷ್ಟರಲ್ಲಿ ಬೇಡವೆನ್ನಿಸಿದರೆ ನಿಲ್ಲಿಸಿ, ನನಗೇನೂ ಬೇಸರವಿಲ್ಲ. ಬೇಕೆನ್ನಿಸಿದರೆ ಮೊದಲಿಗೆ ಹೋಗಿ. ಷೂಬರ್ಟ್ ಅಲ್ಲೇ ಬಾಗಿಲಲ್ಲಿದ್ದಾನೆ.