ಕ್ರಿಸ್ಮಸ್ ತಟ್ಟೆ ಮತ್ತು ಪಾದ್ರಿ ಕೌಂಡಿನ್ಯ

ನಮ್ಮ ಮನೆಗೆ ಕ್ರಿಸ್ಮಸ್ ಬರುತ್ತಿದ್ದದ್ದು ತಟ್ಟೆಯಲ್ಲಿ. ಅಮಾಸೆಬೈಲು ಘಟ್ಟದ ಬುಡದ ಊರು. ಇತ್ತ ಹೋದರೆ ಸಿದ್ದಾಪುರ, ಹೊಸಂಗಡಿ, ಅತ್ತ ಹೋದರೆ ಹೆಬ್ರಿ, ಉಳಿದದ್ದು ಕಾಡು ಮತ್ತು ಮಳೆ. ಮನೆಗಳು ಒಂದಕ್ಕೊಂದು ದೂರ. ನಮ್ಮ ಅಡಿಕೆ ತೋಟದ ಆಚೆ ದರೆ ಹತ್ತಿದರೆ ಕೊಂಕಣಿ ಮಾತಾಡುವ ಒಂದು ಕ್ರಿಶ್ಚಿಯನ್ ಮನೆ. ಆ ಮನೆಯ ಹೆಂಗಸನ್ನು ಊರಿಗೆ ಊರೇ ಬಾಯಮ್ಮ ಎಂದು ಕರೆಯುವುದು. ಡಿಸೆಂಬರ್ 25ರ ಮಧ್ಯಾಹ್ನ ಬಾಯಮ್ಮ ಕ್ರೋಶಾ ಹಾಕಿದ ಬಿಳಿ ಬಟ್ಟೆ ಮುಚ್ಚಿದ ಸ್ಟೀಲಿನ ತಟ್ಟೆ ಹಿಡಿದು ನಮ್ಮ ಅಂಗಳಕ್ಕೆ ಇಳಿಯುತ್ತಿದ್ದರು.

ತಟ್ಟೆಯಲ್ಲಿ ಬಾಳೆಹಣ್ಣು, ಒಂದು ತೆಂಗಿನಕಾಯಿ, ಸಕ್ಕರೆ, ಒಂದು ಪ್ಯಾಕೆಟ್ ಬಿಸ್ಕತ್ತು. ಅಷ್ಟೇ. ಅದೇ ದಿನ ಅದೇ ಬಾಯಮ್ಮ ಶೆಟ್ಟರ ಮನೆಗೆ ಒಯ್ದ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಕೊಕ್ಕಿಸಾಂ, ಗುಳಿಯೊ ಎಲ್ಲ ಇರುತ್ತಿತ್ತೆಂದು ಶೆಟ್ಟರ ಹುಡುಗ ಶಾಲೆಯಲ್ಲಿ ಹೇಳಿದಾಗಲೇ ನನಗೆ ಗೊತ್ತಾದದ್ದು. ಕುಸ್ವಾರ್ ಎಂಬ ಪದ ಕೇಳಿದ್ದೂ ಅವನಿಂದಲೇ. ಬ್ರಾಹ್ಮಣರ ಮನೆಗೆ ಬೇಯಿಸಿದ್ದು ಸಲ್ಲದು ಎಂದು ಬಾಯಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಅದು ಹೇಳಿಕೊಡಬೇಕಾದ ವಿಷಯವೇ ಅಲ್ಲ ನಮ್ಮ ಕಡೆ. ಹಣ್ಣಿನ ಬಗ್ಗೆ ಮಾತ್ರ ಅಜ್ಜಿಗೆ ತಕರಾರಿರಲಿಲ್ಲ. “ಬಾಳೆಹಣ್ಣಿಗ್ ಎಂತ ದೋಷ ಇಲ್ಲೆ, ಸಿಪ್ಪಿ ಇತ್ತಲೆ” ಎನ್ನುತ್ತಿದ್ದರು.

ತಟ್ಟೆಯನ್ನು ಖಾಲಿ ಕಳಿಸಬಾರದು. ನಮ್ಮಿಂದ ಹಲಸಿನ ಹಪ್ಪಳ ಹೋಗುತ್ತಿತ್ತು, ಚೌತಿಗೆ ಕಡುಬು, ದೀಪಾವಳಿಗೆ ಸಿಹಿ. ಅವರು ಎಲ್ಲವನ್ನೂ ತಿನ್ನುತ್ತಿದ್ದರು. ಬಾಯಮ್ಮನ ಗಂಡ ನಮ್ಮ ಮನೆಯ ಪಾಯಸವನ್ನು ಜಗಲಿಯಲ್ಲೇ ಕೂತು ಎರಡು ಸಲ ಕೇಳಿ ಹಾಕಿಸಿಕೊಂಡದ್ದು ನೆನಪಿದೆ. ಇದನ್ನೇ ನಾವು ಅನ್ಯೋನ್ಯ ಎನ್ನುತ್ತಿದ್ದೆವು. ಸುಳ್ಳೇನಲ್ಲ. ನನ್ನ ತಂದೆಯನ್ನು ಮಳೆಗಾಲದ ರಾತ್ರಿ ಆಸ್ಪತ್ರೆಗೆ ಒಯ್ದದ್ದು ಅವರ ಜೀಪೇ. ಆದರೆ ಲೆಕ್ಕ ಹಾಕಿದರೆ, ಅಷ್ಟು ವರ್ಷಗಳಲ್ಲಿ ಬೆಂಕಿಯ ಮೇಲೆ ಬೆಂದದ್ದು ದರೆ ಹತ್ತಿದ್ದೇ ಹೊರತು ದರೆ ಇಳಿದದ್ದಿಲ್ಲ.

ಈಗ ನಾನು ಹತ್ತೊಂಬತ್ತನೆಯ ಶತಮಾನದ ಕರಾವಳಿಯ ಮಿಷನರಿ ಗದ್ಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗ್ ಎಂದರೆ ‘ಮಂಗಳೂರು ಸಮಾಚಾರ’, 1843. ಕಿಟೆಲ್ ಎಂದರೆ ನಿಘಂಟು. ಜೊತೆಗೆ ಹಂಚಿನ ಕಾರ್ಖಾನೆ. ನಮ್ಮ ಸೆಮಿನಾರುಗಳಲ್ಲಿ ಈ ಮೂರು ಮಾತಾದರೆ ಬಾಸೆಲ್ ಮಿಷನ್ ಮುಗಿಯಿತು. ಆ ಮಿಷನರಿಗಳ ನಡುವೆ ನಮ್ಮವನೇ ಒಬ್ಬನಿದ್ದ ಎಂಬುದು ಅಡಿಟಿಪ್ಪಣಿಯಲ್ಲಿ ಬರುತ್ತದೆ.

ಆನಂದರಾವ್ ಕೌಂಡಿನ್ಯ. 1825ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ ಹುಡುಗ, ಮೋಗ್ಲಿಂಗರ ಶಿಷ್ಯ. 1844ರ ಜನವರಿಯಲ್ಲಿ, ಅಂದರೆ ಕ್ರಿಸ್ಮಸ್ ಕಳೆದು ಕೆಲವೇ ದಿನಗಳಿಗೆ, ಇನ್ನಿಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದ. ಊರಲ್ಲಿ ದೊಡ್ಡ ಗದ್ದಲವಾಯಿತು. 1846ರಲ್ಲಿ ಮೋಗ್ಲಿಂಗರ ಜೊತೆ ಯುರೋಪಿಗೆ ಹೋಗಿ, ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಪಡೆದು ಮಂಗಳೂರಿಗೆ ಮರಳಿದರು. ದೇಶೀಯರು ಸಾಮಾನ್ಯವಾಗಿ ಉಪದೇಶಿಗಳಾಗಿ ಬಿಳಿಯ ಮಿಷನರಿಗಳ ಕೈಕೆಳಗೆ ದುಡಿಯುತ್ತಿದ್ದ ಕಾಲದಲ್ಲಿ ಕೌಂಡಿನ್ಯರಿಗೆ ಸಿಕ್ಕಿದ್ದು ಮಿಷನರಿಯ ಸ್ಥಾನ. ಮೊದಲ ಹೆಂಡತಿ ಲಕ್ಷ್ಮಿ ತೀರಿಕೊಂಡ ಮೇಲೆ 1860ರಲ್ಲಿ ಅವರು ಜರ್ಮನಿಯ ವ್ಯುರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದರು. 1857ರ ದಂಗೆ ಅಡಗಿ ಎರಡು ಮೂರು ವರ್ಷವಷ್ಟೇ ಆಗಿದ್ದ ಹೊತ್ತು ಅದು. ಬಿಳಿಯರಿಗೂ ನಮ್ಮವರಿಗೂ ನಡುವಿನ ಗೋಡೆ ಹಿಂದೆಂದಿಗಿಂತ ಎತ್ತರವಾಗಿತ್ತು. ಕರಾವಳಿಯ ಕಂದು ಬಣ್ಣದ ಪಾದ್ರಿಯ ಮನೆಗೆ ಬಿಳಿಯ ಹೆಂಗಸು ಸಂಸಾರ ಮಾಡಲು ಬಂದಳು ಎಂಬುದು ಎರಡೂ ಕಡೆಯವರಿಗೆ ನುಂಗಲಾಗದ ತುತ್ತೇ ಆಗಿದ್ದಿರಬೇಕು.

ಕೌಂಡಿನ್ಯರ ಬಗ್ಗೆ ಬರೆದವರು ಹೆಚ್ಚಾಗಿ ಅವರ ನಂಬಿಕೆಯ ಬಗ್ಗೆ ಬರೆಯುತ್ತಾರೆ, ಇಲ್ಲವೇ ಬ್ರಾಹ್ಮಣನ ಮತಾಂತರ ಎಂಬ ಸಂಗತಿಯ ಬಗ್ಗೆ. ನನಗೆ ಕಾಡುವುದು ಬೇರೆ. ಹದಿನೆಂಟು ಹತ್ತೊಂಬತ್ತರ ಆ ಹುಡುಗ ಮಿಷನ್ ಮನೆಯಲ್ಲಿ ಮೊದಲ ತುತ್ತು ಬಾಯಿಗಿಟ್ಟದ್ದು ಯಾವ ಹೊತ್ತಿನಲ್ಲಿ? ಜಾತಿ ಹೋಗುವುದು ದೇವರ ಹೆಸರು ಬದಲಾದಾಗ ಅಲ್ಲ, ಊಟದ ಎಲೆ ಬದಲಾದಾಗ. ಇದು ಅಜ್ಜಿಗೂ ಗೊತ್ತು, ಮಿಷನರಿಗಳಿಗೂ ಚೆನ್ನಾಗಿ ಗೊತ್ತಿತ್ತು. 1850ರಲ್ಲಿ ಮದ್ರಾಸಿನ ಪ್ರೊಟೆಸ್ಟಂಟ್ ಮಿಷನರಿಗಳ ಸಮ್ಮೇಳನ ಜಾತಿಯ ಬಗ್ಗೆ ಒಂದು ನಿರ್ಣಯ ಮಾಡಿತು: ಪರೆಯರು ಬೇಯಿಸಿದ್ದನ್ನು ಉಂಡು ಜಾತಿ ಮುರಿದೆನೆಂದು ತೋರಿಸಿಕೊಟ್ಟವರಿಗೆ ಮಾತ್ರ ದೀಕ್ಷಾಸ್ನಾನ. ಓದಿದಾಗ ಮೊದಲು ಸಂತೋಷವಾಯಿತು. ಆಮೇಲೆ ಆ ಅಡುಗೆ ಮಾಡಿದವಳ ಬಗ್ಗೆ ಯೋಚನೆ ಬಂತು. ತನ್ನ ಗಂಜಿ ಇನ್ನೊಬ್ಬರ ಭಕ್ತಿಗೆ ಪರೀಕ್ಷೆಯಾಗಿ ಬಡಿಸಲ್ಪಡುವುದನ್ನು ನೋಡುತ್ತ ನಿಂತವಳಿಗೆ ಏನನ್ನಿಸಿರಬಹುದು? ಆ ನಿರ್ಣಯದಲ್ಲಿ ಅವಳು ಪಾತ್ರೆಯಷ್ಟೇ. ಆದರೂ ಒಂದು ವಿಷಯವನ್ನು ಅವರು ಸರಿಯಾಗಿ ಹಿಡಿದಿದ್ದರು ಎನ್ನುತ್ತೇನೆ. ನೀನು ಯಾರಿಗೆ ಕೊಟ್ಟೆ ಎಂದು ಅವರು ಕೇಳಲಿಲ್ಲ. ಯಾರಿಂದ ತೆಗೆದುಕೊಂಡೆ ಎಂದು ಕೇಳಿದರು.

ಕೊಡುವುದರ ಬಗ್ಗೆ ನಮ್ಮ ಜಿಲ್ಲೆ ಹೆಮ್ಮೆಪಡಬೇಕಾದ್ದೇನಿಲ್ಲ. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ಕೊಡುವ ಅಜಲು ಪದ್ಧತಿ ಇಲ್ಲಿಯದೇ. ಅದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ನಾನು ಹುಟ್ಟಿದ ಮೇಲೆ, ನೆನಪಿಡಿ. ಅದೂ ‘ಕೊಡುವುದು’ ಎಂದೇ ಕರೆಸಿಕೊಳ್ಳುತ್ತಿತ್ತು.

ಕ್ರಿಶ್ಚಿಯನ್ನರಾದ ಮಾತ್ರಕ್ಕೆ ಇದೆಲ್ಲ ಕಳೆಯುತ್ತದೆಂದೂ ಅಲ್ಲ. ಕರಾವಳಿಯ ಕ್ಯಾಥೊಲಿಕರಲ್ಲಿ ಬಾಮಣ, ಚಾರಡಿ, ಶುದಿರ್ ಎಂಬ ಎಣಿಕೆ ಇವತ್ತಿಗೂ ಮದುವೆಯ ಮಾತು ಬಂದಾಗ ತಲೆ ಎತ್ತುತ್ತದೆ. ಬಾಯಮ್ಮ ತಮ್ಮ ಮಗಳಿಗೆ ಗಂಡು ಹುಡುಕುವಾಗ ನಮ್ಮ ಜಗಲಿಯಲ್ಲಿ ಕೂತು, “ಹುಡ್ಗ ಒಳ್ಳೆಯವ್ನೇ, ಆದ್ರೆ ನಮ್ಮವ್ರಲ್ಲ ಅಮ್ಮ” ಎಂದಾಗ ಅಜ್ಜಿ ತುಂಬ ಅರ್ಥವಾದವರ ಹಾಗೆ ತಲೆಯಾಡಿಸಿದ್ದರು. ಆ ಇಬ್ಬರು ಹೆಂಗಸರು ಪೂರ್ತಿ ಒಂದಾದ ಗಳಿಗೆ ನಾನು ಕಂಡಿದ್ದರೆ ಅದೇ!

ಅಮೆರಿಕದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದಾಗ ಕೇರಳದ ಒಂದು ಶಾಲೆಗೆ ಹೋದರು. ಅಲ್ಲಿ ಓದುತ್ತಿದ್ದವರು ಹೆಚ್ಚಿನವರು ದಲಿತ ಮಕ್ಕಳು. ಶಾಲೆಯ ಮುಖ್ಯೋಪಾಧ್ಯಾಯರು ಕಿಂಗ್ ಅವರನ್ನು ಅಮೆರಿಕದ ಒಬ್ಬ ಅಸ್ಪೃಶ್ಯ ಎಂದು ಪರಿಚಯಿಸಿದರು. ಕೇಳಿ ಕಿಂಗ್ ಬೆಚ್ಚಿದರು, ಬೇಸರಪಟ್ಟರು. ಆಮೇಲೆ ತನ್ನ ನಾಡಿನಲ್ಲಿ ಕೊಳೆಗೇರಿಗಳಲ್ಲಿ ಬದುಕುತ್ತಿದ್ದ ಕೋಟ್ಯಂತರ ಕರಿಯರನ್ನು ನೆನೆದು, ಹೌದು, ನಾನು ಅಸ್ಪೃಶ್ಯನೇ ಎಂದು ಮನಸ್ಸಿನಲ್ಲಿ ಹೇಳಿಕೊಂಡರು. 1965ರಲ್ಲಿ ತಮ್ಮ ಚರ್ಚಿನ ವೇದಿಕೆಯಿಂದ ಇದನ್ನು ಅವರೇ ಹೇಳಿದರು. ನೊಬೆಲ್ ಬಹುಮಾನ ಬಂದ ಮೇಲಿನ ಮಾತು ಇದು. ಸಾಂತ್ವನ ಹೇಳಲು ಬಂದ ಅತಿಥಿಗೆ ಆ ಮಕ್ಕಳ ಶಾಲೆ ತನ್ನ ಹೆಸರನ್ನೇ ಬಡಿಸಿತು. ಅವರು ಅದನ್ನು ತೆಗೆದುಕೊಂಡರು.

ಅದೇ ಕಿಂಗ್ 1967ರ ಡಿಸೆಂಬರ್ 24ರಂದು ಅಟ್ಲಾಂಟಾದ ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮಾಡಿದ ಕ್ರಿಸ್ಮಸ್ ಪ್ರವಚನ ಕೆನಡಾದ ರೇಡಿಯೊದಲ್ಲೂ ಪ್ರಸಾರವಾಯಿತು. ಅದು ಅವರ ಕೊನೆಯ ಕ್ರಿಸ್ಮಸ್. ಮುಂದಿನ ಏಪ್ರಿಲ್ 4ರಂದು ಅವರನ್ನು ಕೊಂದರು. ಪ್ರವಚನದಲ್ಲಿ ಭಾರತದ ಹಸಿವಿನ ಮಾತು ಬರುತ್ತದೆ, 1963ರಲ್ಲಿ ತಾನು ಕಂಡಿದ್ದ ಕನಸು ದುಃಸ್ವಪ್ನವಾಗುವುದನ್ನು ನೋಡಬೇಕಾಯಿತು ಎಂಬ ಮಾತೂ ಬರುತ್ತದೆ. ಆದರೆ ನನಗೆ ಇಷ್ಟವಾದ ಭಾಗ ತೀರಾ ಮನೆವಾರ್ತೆಯದು. ಬೆಳಿಗ್ಗೆ ಎದ್ದು ಸ್ನಾನಕ್ಕೆ ಹೋದರೆ ಸ್ಪಂಜು ಯಾವುದೋ ದ್ವೀಪದವರದು, ಸೋಪು ಫ್ರೆಂಚರದು. ಅಡುಗೆಮನೆಗೆ ಬಂದರೆ ಕಾಫಿ ದಕ್ಷಿಣ ಅಮೆರಿಕದವರದು, ಚಹಾ ಚೀನಾದ್ದು, ಕೋಕೋ ಪಶ್ಚಿಮ ಆಫ್ರಿಕಾದ್ದು. ತಿಂಡಿ ಮುಗಿಯುವುದರೊಳಗೆ ಅರ್ಧ ಜಗತ್ತಿನ ಕೈಯಿಂದ ತೆಗೆದುಕೊಂಡಾಗಿರುತ್ತದೆ ಎಂದು ಅವರು ಎಣಿಸುತ್ತಾರೆ. ಶಾಂತಿಯ ಬಗ್ಗೆ ಕ್ರಿಸ್ಮಸ್‌ನಲ್ಲಿ ಮಾತಾಡುವ ಪಾದ್ರಿಗಳು ಸಾಮಾನ್ಯವಾಗಿ ಕೊಡುವ ಗುಣವನ್ನು ಹೊಗಳುತ್ತಾರೆ. ಇವರು ನೀವು ಪಡೆದದ್ದರ ಪಟ್ಟಿ ಓದಿದರು.

ಕಾಫಿ ಎಂದಾಗ ಮತ್ತೆ ಕೌಂಡಿನ್ಯರು ನೆನಪಾಗುತ್ತಾರೆ. ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದರು. ಅಲ್ಲಿ ಒಡೆಯರ ಭೂಮಿಗೆ ಜೀತಕ್ಕೆ ಕಟ್ಟುಬಿದ್ದಿದ್ದ ಹೊಲೆಯ ಕುಟುಂಬಗಳು ಕ್ರೈಸ್ತರಾಗಲು ಮುಂದೆ ಬಂದಾಗ ಅವರಿಗೆ ನೆಲೆ ಬೇಕಾಯಿತು. ಜಾಗ ಕೊಳ್ಳಲು ಹಣ ಕೊಟ್ಟವರು ಕೌಂಡಿನ್ಯ. ತನಗೆ ಪಿತ್ರಾರ್ಜಿತವಾಗಿ ಬಂದ ಹಣ. ಆನಂದರಾಯರ ಹೆಸರಿನಿಂದಲೇ ಆ ಊರು ಆನಂದಪುರವಾಯಿತು. ಅದೂ ಒಂದು ಸಿದ್ದಾಪುರದ ಹತ್ತಿರ, ಕೊಡಗಿನ ಸಿದ್ದಾಪುರ. ಮೊದಲ ಸಲ ಓದಿದಾಗ ನಮ್ಮ ಸಿದ್ದಾಪುರವೇ ಎಂದು ಎದೆ ಹಾರಿತ್ತು. ಮುಂದೆ ಕೌಂಡಿನ್ಯರು ಅಲ್ಲೇ ಪಾದ್ರಿಯಾಗಿ ದುಡಿದರು. ಆ ಕುಟುಂಬ ಕಾಫಿ ಬೆಳೆಯಿತು. 1893ರಲ್ಲಿ ಅವರು ತೀರಿಕೊಂಡರು.

ಇದನ್ನು ಒಂದು ಸುಂದರ ಕತೆಯಾಗಿ ಹೇಳಿ ಮುಗಿಸಬಹುದು. ಬ್ರಾಹ್ಮಣನ ಆಸ್ತಿ ಜೀತದವರ ನೆಲವಾಯಿತು ಎಂದು. ಅದರಲ್ಲಿ ಅರ್ಧ ಸತ್ಯವಂತೂ ಇದೆ, ಮತ್ತು ಆ ಅರ್ಧವೇ ಆ ಕಾಲಕ್ಕೆ ಬಹಳ ದೊಡ್ಡದು. ನಮ್ಮ ಮನೆತನಗಳಲ್ಲಿ ಯಾರು ಪಿತ್ರಾರ್ಜಿತ ಆಸ್ತಿಯನ್ನು ಹಾಗೆ ಕೊಟ್ಟವರಿದ್ದಾರೆ? ಆದರೆ ಅಲ್ಲಿ ನೆಲೆನಿಂತವರು ಪಾದ್ರಿಯ ಜಾಗದಲ್ಲಿ ಪಾದ್ರಿಯ ಸಭೆಗೆ ಸೇರಿದವರಾಗಿ ಬದುಕಿದರು. ಅವರಿಗೂ ಕೌಂಡಿನ್ಯರಿಗೂ ನಡುವೆ ಕೊಟ್ಟವರು, ಪಡೆದವರು ಎಂಬ ಗೆರೆ ಉಳಿಯಿತಲ್ಲ? ನನ್ನ ಗೈಡ್ ಇದಕ್ಕೆ ಒಪ್ಪುವುದಿಲ್ಲ. “ಒಬ್ಬ ಮನುಷ್ಯ ಜಾತಿ ಬಿಟ್ಟು, ಆಸ್ತಿ ಬಿಟ್ಟು, ಬಣ್ಣ ದಾಟಿ ಮದುವೆಯಾದ ಮೇಲೂ ಇನ್ನೇನು ಮಾಡಬೇಕಿತ್ತು ಮಾರಾಯ?” ಎಂದು ಕೇಳಿದರು. ನನ್ನ ಉತ್ತರ ಆಗಲೂ ಇದೇ, ಈಗಲೂ ಇದೇ: ಆನಂದಪುರದ ಯಾವ ಮನೆಯಲ್ಲಿ ಕೌಂಡಿನ್ಯರು ಉಂಡರು, ಯಾರು ಬಡಿಸಿದರು, ಏನು ಬಡಿಸಿದರು ಎಂದು ನೋಡಬೇಕು. ಭೂಮಿಯ ಪತ್ರಕ್ಕಿಂತ ಆ ಊಟದಲ್ಲಿ ಹೆಚ್ಚು ಚರಿತ್ರೆ ಇದೆ. ಅವರು ಉಂಡಿರುತ್ತಾರೆಂದೇ ನನ್ನ ನಂಬಿಕೆ. ಹತ್ತೊಂಬತ್ತಕ್ಕೇ ಆ ಗೆರೆ ದಾಟಿದವರಿಗೆ ಅದು ಕಷ್ಟವಾಗಿರಲಾರದು.

ಬಾಯಮ್ಮನ ತಟ್ಟೆ ಬದಲಾದದ್ದು ನಾನು ಪಿಯುಸಿಯಲ್ಲಿದ್ದಾಗ. ಆ ವರ್ಷ ಬಾಳೆಹಣ್ಣಿನ ಬದಿಯಲ್ಲಿ ಆರು ನೆವ್ರಿ ಇದ್ದವು. ನೆವ್ರಿ ಎಂದರೆ ನಮ್ಮ ಕರ್ಜಿಕಾಯಿಯೇ. “ಎಣ್ಣೆಯಂಗ್ ಕರ್ದದ್ದ್ ಅಮ್ಮ, ನೀರ್ ತಾಗ್ಲಿಲ್ಲೆ” ಎಂದರು ಬಾಯಮ್ಮ. ನೀರು ತಾಗಿದರೆ ಮುಸುರೆ, ಎಣ್ಣೆಗೆ ಅಷ್ಟು ದೋಷವಿಲ್ಲ ಎಂಬ ನಮ್ಮ ಶಾಸ್ತ್ರವನ್ನು ಅವರು ನಮ್ಮಷ್ಟೇ ಬಲ್ಲವರಾಗಿದ್ದರು. ಅಜ್ಜಿ ತಟ್ಟೆ ತೆಗೆದುಕೊಂಡು, ನೆವ್ರಿಯನ್ನು ಕೆಲಸದವಳಿಗೆ ಕೊಡಲು ಹೇಳಿ ಒಳಗೆ ಹೋದರು. ಅಮ್ಮ ಬಚ್ಚಲ ಒಲೆಯ ಬದಿಯಲ್ಲಿ ನಿಂತು ಒಂದು ತಿಂದಳು. ನನಗೆ ಎರಡು ಕೊಟ್ಟಳು. ಮೂರು ಕೆಲಸದವಳಿಗೆ ಹೋದವು. ಈಗ ಬರುವ ತಟ್ಟೆಯಲ್ಲಿ ಎಲ್ಲವೂ ಇರುತ್ತದೆ, ಅಜ್ಜಿಗೆ ಬೇರೆ ಬಾಳೆಹಣ್ಣೂ ಇರುತ್ತದೆ. ಅಮ್ಮ ಬಾಯಮ್ಮನ ಮನೆಯಲ್ಲಿ ಚಹಾ ಕುಡಿದು ಬರುತ್ತಾಳೆ. ಸೋಲಾರ್ ದೀಪಗಳ ಊರೆಂದು ಅಮಾಸೆಬೈಲಿಗೆ ಹೆಸರು ಬಂದ ಮೇಲೆ ಅವರ ಮನೆಯ ನಕ್ಷತ್ರದ ಗೂಡು ಕರೆಂಟು ಹೋದ ರಾತ್ರಿಯೂ ದರೆಯ ಮೇಲಿಂದ ಕಾಣುತ್ತದೆ.

ಆ ಕೆಲಸದವಳ ವಿಷಯ ಬೇರೆ. ನಾನು ಹುಟ್ಟುವ ಮೊದಲೇ ನಮ್ಮ ತೋಟಕ್ಕೆ ಬಂದವಳು. ಅವಳ ಲೋಟ ಈಗಲೂ ಕೊಟ್ಟಿಗೆಯ ಮಾಡಿನ ಸಂದಿಯಲ್ಲೇ ಇರುವುದು, ತೊಳೆದಿಡುವುದೂ ಅವಳೇ. ಅವಳಿಗೆ ಕೊಡದ ಹಬ್ಬವಿಲ್ಲ ನಮ್ಮ ಮನೆಯಲ್ಲಿ: ಸೀರೆ, ಅಕ್ಕಿ, ಕಡುಬು, ಬಾಯಮ್ಮನ ನೆವ್ರಿ. ಅವಳ ಮನೆಯಿಂದ ನಮ್ಮ ಮನೆಗೆ ತಟ್ಟೆ ಬಂದದ್ದಿಲ್ಲ, ಬಾಳೆಹಣ್ಣಿನದ್ದೂ.

ಅವಳ ಮಗಳು ಈಗ ಮಣಿಪಾಲದಲ್ಲಿ ನರ್ಸ್. ಸಾಲ ಮಾಡಿ ಮನೆ ಕಟ್ಟಿಸಿದ್ದಾಳೆ. ಕಳೆದ ವಾರ ಅಮ್ಮ ಫೋನ್ ಮಾಡಿದ್ದಳು. “ಇಪ್ಪತ್ತೈದಕ್ಕೆ ಮನೆ ಒಕ್ಲ್ ಅಂಬ್ರ್, ಅವ್ಳಿಗ್ ರಜೆ ಸಿಕ್ಕುದ್ ಅವತ್ತೇ. ಊಟ ಅಲ್ಲೇ. ನೀ ಬತ್ಯಾ ಮಾಣಿ?” ಧನುರ್ಮಾಸದಲ್ಲಿ ಯಾರಾದರೂ ಒಕ್ಕಲು ಮಾಡುತ್ತಾರಾ ಎಂದು ಅಜ್ಜಿ ಹಿಂದಿನಿಂದ ಕೇಳುವುದು ಫೋನಿನಲ್ಲಿ ಕೇಳಿಸಿತು. ಊಟಕ್ಕೆ ಎಷ್ಟು ಜನ ಎಂದು ಅಡುಗೆಯವರಿಗೆ ಲೆಕ್ಕ ಕೊಡಬೇಕಂತೆ. ಅಮ್ಮ ಮೂರು ಎಂದು ಹೇಳಿಬಿಟ್ಟಿದ್ದಾಳೆ. ಅಜ್ಜಿಯನ್ನು ಕೇಳಿಲ್ಲ.