ಗಿರಿಯಾತ್ರೆಯಲ್ಲಿ ಆಪ್ತರಾರು?

ಬಯಲುಸೀಮೆಯ ಪಯಣದಲ್ಲಿ ದಾರಿ ತಪ್ಪಿದರೆ ಹೊತ್ತು ಹೋಗುವುದು; ಹಿಮಪರ್ವತದಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಕರ್ನಾಟಕದಿಂದ ಉತ್ತರಾಖಂಡದ ಸಹಸ್ರತಾಲಕ್ಕೆ ಹೊರಟಿದ್ದ ಚಾರಣಿಗರ ತಂಡವು 2024ರ ಜೂನ್ ಮೊದಲಲ್ಲಿ ಹಿಮಗಾಳಿಗೆ ಸಿಕ್ಕಿ, ಮಾರ್ಗದರ್ಶಿಗಳೂ ಸೇರಿದ 22 ಜನರಲ್ಲಿ 9 ಮಂದಿ ಮೃತರಾದುದನ್ನು ವಾಚಕರು ಮರೆತಿರಲಾರರು. ಹೀಗಿರಲು ನನ್ನ ದೌಹಿತ್ರನು ಉತ್ತರಕಾಶಿ ಜಿಲ್ಲೆಯ ಕೇದಾರಕಂಠವನ್ನು ಏರುವೆನೆಂದು ಹಟ ಹಿಡಿದನು. ಅದರ ಎತ್ತರ ಸುಮಾರು 12,500 ಅಡಿ. ಹುಡುಗನಿಗೆ ಬಾಲ್ಯದಲ್ಲಿ ಉಬ್ಬಸವಿದ್ದಿತು. ಕರೆದೊಯ್ಯುವ ಸಂಸ್ಥೆಯನ್ನು ಆರಿಸುವ ಭಾರವನ್ನು ಮಗಳು ನನ್ನ ಮೇಲೆ ಹೊರಿಸಿದಳು.

ವಿಚಾರಿಸಲಾಗಿ ಎರಡು ಸಂಸ್ಥೆಗಳು ಉಳಿದುವು. ಎರಡಕ್ಕೂ ಆ ರಾಜ್ಯದ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದ್ದಿತು. ಅರಣ್ಯ ಇಲಾಖೆಯ ಅನುಮತಿಯನ್ನೂ ತಾವೇ ಪಡೆಯುವುದಾಗಿ ಎರಡೂ ಬರೆದುವು. ಪರವಾನಗಿಯಿಲ್ಲದವರ ಹೊಸ್ತಿಲನ್ನೇ ತುಳಿಯಬಾರದು. ಆದರೆ ಆ ಪತ್ರವು ಇಂಥವನು ಈ ವೃತ್ತಿಗೆ ಅರ್ಹನೆಂದು ಹೇಳುವುದೇ ಹೊರತು, ಬೆಟ್ಟದ ಮೇಲೆ ಮೋಡ ಕವಿದಾಗ ಅವನು ಏನು ಮಾಡುವನೆಂದು ಹೇಳಲಾರದು.

ಪಾಠಶಾಲೆಯಲ್ಲಿ ಕಲಿತ ನ್ಯಾಯಶಾಸ್ತ್ರ ಇಲ್ಲಿ ನನಗೆ ಒದಗಿತು. ವಸ್ತುವನ್ನು ಇದ್ದಂತೆ ಬಲ್ಲವನೂ, ಬಲ್ಲಂತೆ ನುಡಿಯುವವನೂ ಆಪ್ತನು. ಅವನ ಮಾತೇ ಪ್ರಮಾಣ. ಈ ಎರಡು ಲಕ್ಷಣಗಳನ್ನು ಹಿಡಿದು ಇಬ್ಬರಿಗೂ ಕೆಲವು ಪ್ರಶ್ನೆಗಳನ್ನು ಬರೆದೆನು.

ಮಾರ್ಗದರ್ಶಿಯು ಎಲ್ಲಿ ಶಿಕ್ಷಣ ಪಡೆದವನು? ಉತ್ತರಕಾಶಿಯಲ್ಲಿಯೇ 1965ರಲ್ಲಿ ಸ್ಥಾಪಿತವಾದ ನೆಹರು ಪರ್ವತಾರೋಹಣ ಸಂಸ್ಥೆಯಿದೆ. ಏರುವ ಕ್ರಮವೇನು? ಸುಮಾರು 10,000 ಅಡಿ ದಾಟಿದ ಮೇಲೆ ರಾತ್ರಿ ತಂಗುವ ನೆಲೆಯು ದಿನಕ್ಕೆ 1,600 ಅಡಿಗಿಂತ ಹೆಚ್ಚು ಏರಬಾರದೆಂದು ವೈದ್ಯರು ಹೇಳುತ್ತಾರೆ. ಎತ್ತರದ ಕಾಯಿಲೆ ಬಲಿತು ಶ್ವಾಸಕೋಶದಲ್ಲಿ ನೀರು ತುಂಬಿದರೆ ಆಮ್ಲಜನಕ, ಔಷಧಗಳು ಸಹಾಯಕಗಳೇ ಸರಿ. ಕೂಡಲೆ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಹಾಗಾದರೆ ಇಳಿಸುವವರಾರು? ಹಿಂದಿರುಗಬೇಕೆಂದು ಹೇಳುವ ಅಧಿಕಾರ ಯಾರದು? ಹೊರೆ ಹೊರುವವರಿಗೆ ಬೆಚ್ಚನೆಯ ಉಡುಪೂ ವಿಮೆಯೂ ಉಂಟೆ? ಕೂಲಿಯವನ ಪ್ರಾಣವನ್ನು ಲೆಕ್ಕಿಸದವನು ಯಾತ್ರಿಕನ ಪ್ರಾಣವನ್ನು ಲೆಕ್ಕಿಸುವನೆಂದು ನಂಬುವುದು ಕಷ್ಟ.

ಮೊದಲನೆಯವರು ಎಲ್ಲಕ್ಕೂ ಚಿಂತೆ ಬೇಡವೆಂದರು. ಉಬ್ಬಸದ ಸಂಗತಿಗೂ ಅದೇ ಉತ್ತರ. ದರದಲ್ಲಿ ರಿಯಾಯಿತಿಯನ್ನೂ ಸೂಚಿಸಿದರು. ಎರಡನೆಯವರು ಮುಂಗಡವನ್ನು ಸ್ವೀಕರಿಸದೆ ವೈದ್ಯರ ಪತ್ರವನ್ನು ಕೇಳಿದರು. ಅವರ ಕ್ರಮದಲ್ಲಿ ಒಂದು ರಾತ್ರಿಯ ತಂಗುದಾಣ ಹೆಚ್ಚು, ದರವೂ ಹೆಚ್ಚು. ಮಾರ್ಗದರ್ಶಿ ಬೇಡವೆಂದರೆ ಶಿಖರ ಕಣ್ಣೆದುರಿಗಿದ್ದರೂ ಮರಳಬೇಕು, ಅದಕ್ಕಾಗಿ ಹಣ ಹಿಂದೆ ಬರದು ಎಂದು ಖಂಡಿತವಾಗಿ ಬರೆದರು.

ಹುಡುಗನ ಮುಖ ಬಾಡಿತು. “ಅಷ್ಟು ಹಣ ತೆತ್ತು, ಶಿಖರ ಮುಟ್ಟದೆ ಬಂದರೆ ನಷ್ಟವಲ್ಲವೇ ಅಪ್ಪಾ?” ಎಂದಳು ಮಗಳು.

“ಮರಳಿ ಬಂದವನಿಗೆ ಬರುವ ವರ್ಷವೂ ಬೆಟ್ಟ ಅಲ್ಲೇ ಇರುತ್ತದಮ್ಮಾ” ಎಂದೆನು.

ಮರುದಿನವೇ ಹುಡುಗನನ್ನು ಶ್ವಾಸಕೋಶದ ವೈದ್ಯರಲ್ಲಿಗೆ ಕರೆದುಕೊಂಡು ಹೋದೆನು. ಅವರ ಪತ್ರ ಅನುಕೂಲವಾಗಿ ಬಂದರೆ ಎರಡನೆಯವರಿಗೇ ಮುಂಗಡ ಸಲ್ಲುವುದು. ಬಾರದಿದ್ದರೆ ಹುಡುಗನು ಈ ವರ್ಷ ಮನೆಯಲ್ಲಿರುವನು.