ಮಾತು ನಿಂತ ತಟ್ಟೆ

ಹೊಸ ಸೊಸೆ ಮನೆಗೆ ಬಂದಾಗ ಹಳೆಯ ಪಾತ್ರೆಗಳು ಅಟ್ಟ ಸೇರುವುದು ಲೋಕರೂಢಿ. ಗಣಕಯಂತ್ರದೊಳಗೂ ಅಂಥದೊಂದು ಸಂಸಾರವಿದೆಯೆಂದು ನನಗೆ ತಿಳಿದದ್ದು 2020ರ ಮಾಘಮಾಸದಲ್ಲಿ.

ಆ ವರ್ಷದ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರು ಪಡೆಯುತ್ತಿದ್ದ ಭದ್ರತೆಯ ಪರಿಷ್ಕರಣೆಗಳು ನಿಂತುವು. ಜಾಗರೂಕನಾದ ಗೃಹಸ್ಥನಂತೆ ನಾನು ಮನೆಯ ಯಂತ್ರವನ್ನು ವಿಂಡೋಸ್ 10ಕ್ಕೆ ಏರಿಸಿದೆ. ತಂದೆಯವರ ಶ್ರಾದ್ಧ ಸಮೀಪಿಸುವವರೆಗೆ ಎಲ್ಲವೂ ಸುಖವಾಗಿತ್ತು.

ನಮ್ಮಲ್ಲಿ ಒಂದು ಪದ್ಧತಿ. ಶ್ರಾದ್ಧದ ಸಂಜೆ, ನೆಂಟರೆಲ್ಲ ಹೊರಟ ಮೇಲೆ, ಅಮ್ಮ 2009ರಲ್ಲಿ ನಡೆದ ಅಕ್ಕನ ಮದುವೆಯ ಡಿವಿಡಿಯನ್ನು ಹಾಕಿಸಿಕೊಂಡು ನೋಡುತ್ತಾರೆ. ಆ ದೀರ್ಘ ಚಿತ್ರದಲ್ಲಿ ತಂದೆಯವರ ಧ್ವನಿ ಕೇಳುವುದು ಒಂದೇ ಕಡೆ. ಊಟದ ಪಂಕ್ತಿಯ ನಡುವೆ ಕ್ಯಾಮರಾದವನತ್ತ ತಿರುಗಿ, "ನನ್ನನ್ನೇನು ತೆಗೆಯುತ್ತೀಯಪ್ಪ, ಮೊದಲು ಊಟಕ್ಕೆ ಕೂತುಕೋ" ಎನ್ನುತ್ತಾರೆ. ಅವರ ಧ್ವನಿಯೆಂದು ನಮಗೆ ಉಳಿದಿರುವುದು ಆ ಒಂದು ಮಾತು.

ಶ್ರಾದ್ಧಕ್ಕೆ ಎರಡು ದಿನವಿರುವಾಗ ಪರೀಕ್ಷಿಸೋಣವೆಂದು ತಟ್ಟೆಯನ್ನು ಇಟ್ಟೆ. ಪರದೆಯ ಮೇಲೆ ಡ್ರೈವಿನ ಗುರುತೇ ಇಲ್ಲ! ತಟ್ಟೆಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರಸಿದ್ದಾಯಿತು. ಡಿವೈಸ್ ಮ್ಯಾನೇಜರನ್ನು ತೆರೆದು ನೋಡಿದರೆ ಡ್ರೈವಿನ ಹೆಸರಿನ ಪಕ್ಕದಲ್ಲಿ ಒಂದು ಹಳದಿ ತ್ರಿಕೋನ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಕನ್ನಡದ ಅಧ್ಯಾಪಕನಿಗೆ ಅರ್ಥವಾದದ್ದು ಆ ಚಿಹ್ನೆಯೊಂದೇ. ಅಂಗಡಿಯವನು ದೂರವಾಣಿಯಲ್ಲೇ ತೀರ್ಪಿತ್ತ: "ಡ್ರೈವ್ ಹೋಗಿದೆ ಸರ್. ಈಗ ಯಾರು ಡಿವಿಡಿ ನೋಡ್ತಾರೆ? ಬಿಸಾಕಿ."

ಬಿಸಾಡುವ ಮೊದಲು ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಹಳಗನ್ನಡದಲ್ಲಿ ಅವನಿಗೆ ನಾನು ಕೊಟ್ಟಿದ್ದ ಅಂಕಗಳನ್ನು ನೆನೆದರೆ ಅವನು ಬಂದದ್ದೇ ದೊಡ್ಡದು. ಅವನು ಯಂತ್ರದ ರಿಜಿಸ್ಟ್ರಿಯೆಂಬ ಕಡತವನ್ನು ತೆರೆದು, ಮೊದಲು ಅದರದೊಂದು ಪ್ರತಿಯನ್ನು ಕಾಪಿಟ್ಟ. "ತಪ್ಪಾಗಿ ಒಂದು ಸಾಲು ಅಳಿಸಿದರೆ ಯಂತ್ರವೇ ಏಳುವುದಿಲ್ಲ, ಸರ್" ಎಂದ. ಅನಂತರ ಡಿವಿಡಿ ಡ್ರೈವಿನ ವಿಭಾಗದಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಎರಡು ನಮೂದುಗಳನ್ನು ತೋರಿಸಿದ. ತಟ್ಟೆಗಳಿಗೆ ಬರೆಯಲೆಂದು ಎಂದೋ ಹಾಕಿಕೊಂಡಿದ್ದ ಒಂದು ತಂತ್ರಾಂಶ ಬಿಟ್ಟುಹೋದ ದ್ವಾರಪಾಲಕರಂತೆ ಅವು! ಹೊಸ ವ್ಯವಸ್ಥೆ ಅವರನ್ನು ಕರೆಯುತ್ತದೆ, ಅವರು ಓಗೊಡುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಅವೆರಡನ್ನೂ ಅಳಿಸಿ ಯಂತ್ರವನ್ನು ಮತ್ತೆ ಆರಂಭಿಸಿದಾಗ ಡ್ರೈವ್ ಪ್ರತ್ಯಕ್ಷವಾಯಿತು.

ಆದರೂ ಚಿತ್ರ ಓಡಲಿಲ್ಲ. ಡಿವಿಡಿಯ ಚಿತ್ರಗಳು ಎಂಪೆಗ್-2 ಎಂಬ ಸಂಕೇತದಲ್ಲಿರುತ್ತವೆ. ಅವನ್ನು ಬಿಡಿಸಿ ತೋರಿಸುವ ಸೌಕರ್ಯ ವಿಂಡೋಸ್‌ನ ಜೊತೆಯಲ್ಲೇ ಬರುವ ರೂಢಿ 2012ರ ವಿಂಡೋಸ್ 8ರಿಂದ ತಪ್ಪಿತ್ತು. ಹುಡುಗ ವಿಎಲ್‌ಸಿ ಎಂಬ ಉಚಿತ ತಂತ್ರಾಂಶವನ್ನು ತಂದು ಹಾಕಿದ. 1996ರಲ್ಲಿ ಪ್ಯಾರಿಸ್ಸಿನ ಕಾಲೇಜೊಂದರ ವಿದ್ಯಾರ್ಥಿಗಳು ಆರಂಭಿಸಿದ ಕೆಲಸದಿಂದ ಬೆಳೆದದ್ದು ಅದು. ಎಲ್ಲಿಯ ಪ್ಯಾರಿಸ್ಸು, ಎಲ್ಲಿಯ ನಮ್ಮ ಮದುವೆಯ ಪಂಕ್ತಿ!

ತಾಳೆಗರಿ ಗಟ್ಟಿಯಾಗಿಯೇ ಇದ್ದು ಲಿಪಿಯನ್ನು ಬಲ್ಲವರು ಇಲ್ಲವಾದರೆ ಕಾವ್ಯ ಮೂಕವಾಗುತ್ತದೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ನನ್ನ ತಟ್ಟೆಗೂ ಏನೂ ಆಗಿರಲಿಲ್ಲ. ಓದುವವರು ಬದಲಾಗಿದ್ದರು, ಅಷ್ಟೆ. ಹಿಂದಿನವರು ಗ್ರಂಥಗಳನ್ನು ಪ್ರತಿ ಮಾಡಿ ಉಳಿಸಿದರೆಂದು ಪಾಠ ಹೇಳುವ ನಾನು, ಹನ್ನೊಂದು ವರ್ಷ ಈ ಒಂದು ತಟ್ಟೆಯನ್ನೇ ನಂಬಿ ಕುಳಿತಿದ್ದೆ. ಅಂದೇ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿಸಿದೆ. ಒಂದು ನನಗೆ, ಒಂದು ಅಕ್ಕನಿಗೆ.

ಪ್ರತಿಯನ್ನು ಪರೀಕ್ಷಿಸಲು ಹುಡುಗ ಚಿತ್ರವನ್ನು ಪಂಕ್ತಿಯ ಭಾಗಕ್ಕೆ ಓಡಿಸಿದ. ತಂದೆಯವರು ಮಾತನಾಡಿದರು. ಅಡಿಗೆಯ ಮನೆಯಲ್ಲಿದ್ದ ಅಮ್ಮ ಕೈ ಒರಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಆಮೇಲೆ ತಂತಿಗಳನ್ನು ಸುತ್ತಿಡುತ್ತಿದ್ದ ಹುಡುಗನ ಕಡೆ ತಿರುಗಿ, "ಅದೆಲ್ಲ ಆಮೇಲಾಗಲಿ, ಮೊದಲು ಊಟಕ್ಕೆ ಕೂತುಕೋಪ್ಪ" ಎಂದರು.